ಕೋಟೆ ಬಂಗಲೆಯ ಕುರ್ಚಿಗೆ ತಲೆಬಾಗಿದ್ದು

ದೆವ್ವ, ಭೂತ ಎಂಬ ಮಾತು ಬಂದರೆ ನಗುವವಳು ನಾನು. ಪರದೆ ಹೊಲಿಯುವ ಕೆಲಸಕ್ಕೆಂದು ಉದಕಮಂಡಲದ ಎಷ್ಟೋ ಹಳೆಯ ಬಂಗಲೆಗಳಲ್ಲಿ ಒಬ್ಬಳೇ ಓಡಾಡಿದ್ದೇನೆ. ಇಲಿ, ಗೆದ್ದಲು ಬಿಟ್ಟರೆ ಯಾರೂ ಎದುರಾಗಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಕೂನೂರಿನ ದಾರಿಯಲ್ಲಿ ಬುರುಜುಗಳಿರುವ ಒಂದು ಕಲ್ಲುಮನೆಯಿದೆ, ಜನರ ಬಾಯಲ್ಲಿ ಕೋಟೆ ಬಂಗಲೆ. ಕೆಲವು ವರ್ಷಗಳ ಹಿಂದೆ ಅದನ್ನು ಹೋಟೆಲ್ ಮಾಡಲು ಹೊರಟ ಮಾಲೀಕರು ಮಹಡಿಯ ದೊಡ್ಡ ಕೋಣೆಯ ಪರದೆ, ಕುರ್ಚಿಯ ಬಟ್ಟೆ ಬದಲಿಸಲು ನನ್ನನ್ನು ಕರೆಸಿದರು. ನಾಲ್ಕು ಕಂಬದ ತೇಗದ ಮಂಚ, ಅಂಚು ಕಪ್ಪಾದ ಆಳೆತ್ತರದ ಕನ್ನಡಿ, ಕಲ್ಲಿನ ಅಗ್ಗಿಷ್ಟಿಕೆ, ಅದರ ಮಗ್ಗುಲಲ್ಲಿ ಎತ್ತರದ ಬೆನ್ನಿನ ಬೀಟೆಮರದ ಕುರ್ಚಿ. ಎಲ್ಲಕ್ಕೂ ಮೇಣ ಮತ್ತು ನೀಲಗಿರಿ ಎಣ್ಣೆಯ ವಾಸನೆ.

ಅದನ್ನೆಲ್ಲ ಒರೆಸಿಡುತ್ತಿದ್ದವಳು ಮಾದಿಯಕ್ಕ, ನನ್ನಂತೆಯೇ ನೀಲಗಿರಿಯ ಬಡಗ ಜನಾಂಗದವಳು, ಅರವತ್ತು ದಾಟಿದವಳು. ಅವಳ ತಾಯಿಯೂ ಜೀವಮಾನವೆಲ್ಲ ಅದೇ ಕೋಣೆ ಒರೆಸಿದವಳು. ಆ ಕುರ್ಚಿಯಲ್ಲಿ ಒಮ್ಮೆಯೂ ಕೂತವಳಲ್ಲ. ನಮ್ಮಲ್ಲಿ ಹೊರಡುವಾಗ ಹಿರಿಯರ ಮುಂದೆ ತಲೆಬಾಗುತ್ತೇವೆ. ಅವರು ನೆತ್ತಿಯ ಮೇಲೆ ಕೈಯಿಟ್ಟು ‘ಬದುಕು, ಬದುಕು’ ಎನ್ನುತ್ತಾರೆ. ಒಂದು ಬೆಳಿಗ್ಗೆ ಯಾವುದೋ ಸಣ್ಣ ಮಾತಿಗೆ ಮುನಿಸಿಕೊಂಡು ಮಾದಿಯಕ್ಕ ತಲೆಬಾಗದೆ ಹೊರಟುಬಿಟ್ಟಿದ್ದಳಂತೆ. ಮರಳಿ ಬರುವಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು.

“ಅವ್ವೆಯ ಕೈ ಎನಗ ಸಿಕ್ಕಿಲೆ, ಅಮ್ಮಿ,” ಎಂದು ಊಟದ ಹೊತ್ತಿನಲ್ಲಿ ನನಗೆ ಹೇಳಿ ಕಣ್ಣೊರೆಸಿಕೊಂಡಳು.

ಮೂರು ಗಂಟೆಗೆ ಮಂಜು ಇಳಿದು ಕೋಣೆ ಮಬ್ಬಾಯಿತು. ಅಳತೆ ಮುಗಿಸಿ, ಟೇಪು ಸುತ್ತಿಕೊಂಡು ಹೊರಡಲು ತಿರುಗಿದರೆ ಕುರ್ಚಿಯಲ್ಲಿ ಬಿಳಿ ಬಟ್ಟೆಯುಟ್ಟ ಮುದುಕಿಯೊಬ್ಬಳು ಕೂತಿದ್ದಳು. ನಮ್ಮ ಅಜ್ಜಿಯರು ಉಡುವುದೇ ಹಾಗೆ. ಮಾದಿಯಕ್ಕನ ಕಡೆಯವರು ಯಾರೋ ಬಂದಿರಬೇಕೆಂದು, ಅಭ್ಯಾಸಬಲದಿಂದ ಹತ್ತಿರ ಹೋಗಿ ತಲೆಬಾಗಿದೆ. ನೆತ್ತಿಯ ಮೇಲೆ ಕೈ ಬಂತು. ಒರಟಾದ, ಬೆಚ್ಚಗಿನ ಕೈ. ಅದರ ಭಾರ ಚೆನ್ನಾಗಿ ತಿಳಿಯಿತು. ಮಾತೇನೂ ಕೇಳಿಸಲಿಲ್ಲ. ತಲೆಯೆತ್ತಿದರೆ ಅಲ್ಲಿದ್ದದ್ದು ಧೂಳಿಗೆಂದು ಬೆಳಿಗ್ಗೆ ನಾನೇ ಹೊದಿಸಿ ಮರೆತಿದ್ದ ಬಿಳಿ ಚಾದರ.

ಚಾದರ ಕಂಡು ಮೋಸಹೋದೆ, ಒಪ್ಪಿದೆ. ನನ್ನ ಪೆದ್ದುತನಕ್ಕೆ ನಾನೇ ನಗಬಲ್ಲೆ. ಆದರೆ ಚಾದರಕ್ಕೆ ಕೈ ಎಲ್ಲಿಂದ ಬಂತು?

ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು. ಮಾದಿಯಕ್ಕ ವರ್ಷಗಟ್ಟಲೆ ಹಂಬಲಿಸಿದ್ದು ಹೋಗಿ ಹೋಗಿ ನಿನ್ನೆ ಮೊನ್ನೆ ಬಂದ ನನಗೆ ಸಿಕ್ಕಿತೆಂದು ಹೇಗೆ ಹೇಳಲಿ? ಮುಚ್ಚಿಡಲೂ ಮನಸ್ಸಾಗಲಿಲ್ಲ. ಅಡುಗೆಮನೆಗೆ ಇಳಿದು ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಹತ್ತಿರ ಬಂದಳು.

“ಎಲ್ಲಿ, ಅಮ್ಮಿ? ತೋರಿಸು.”

ತಲೆ ಬಗ್ಗಿಸಿ ನೆತ್ತಿ ತೋರಿಸಿದೆ. ಅದೇ ಜಾಗದಲ್ಲಿ ತನ್ನ ಅಂಗೈಯಿಟ್ಟು ಕಣ್ಣು ಮುಚ್ಚಿದಳು. ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು, ಇಬ್ಬರೂ ಅಲುಗಲಿಲ್ಲ.

“ಇನ್ನೂ ಬೆಚ್ಚಗೇ, ಅಮ್ಮಿ,” ಎಂದಳು.