ಕೊಕ್ಕರೆ ಗುರುತಿನ ಗುಳಿಗೆ

ಸುಮಂಗಲಾಳಿಗೆ ಕೂತಲ್ಲಿ ಕೂರಲು ಬರುವುದಿಲ್ಲ ಎಂಬುದನ್ನು ಅವಳ ಅತ್ತೆ ಕನಕಮ್ಮ ಮದುವೆಯಾದ ಹೊಸದರಲ್ಲೇ ಕಂಡುಹಿಡಿದಿದ್ದಳು. ಊಟಕ್ಕೆ ಕೂತರೂ ಸೊಸೆಯ ಒಂದು ಮೊಣಕಾಲು ಅಲ್ಲಾಡುತ್ತಲೇ ಇರುತ್ತಿತ್ತು. “ಯಾರಾರ ಈ ಕಾಲಿಗೊಂದು ಕೆಲಸ ಕೊಡ್ರಪ್ಪ, ಪುಣ್ಯ ಬರ್ತೈತಿ” ಎಂದು ಛೇಡಿಸುತ್ತಿದ್ದಳು. ಕೆಲಸ ಸಿಕ್ಕಿತು. ತೆಲಿಗಿಯಲ್ಲಿ ಹುಟ್ಟಿ, ಹರಪನಹಳ್ಳಿಯಲ್ಲಿ ಬಿ.ಎಸ್ಸಿ. ಓದಿ, ಕೊಟ್ಟೂರಿಗೆ ಸೊಸೆಯಾಗಿ ಬಂದವಳು, ಮಗಳು ರೋಜಾ ಹಾಲು ಬಿಟ್ಟ ಮೇಲೆ ತ್ರಿವೇಲಾ ಲ್ಯಾಬೊರೇಟರೀಸ್ ಎಂಬ ದೊಡ್ಡ ಔಷಧ ಕಂಪನಿಗೆ ಮೆಡಿಕಲ್ ರೆಪ್ ಆಗಿ ಸೇರಿದಳು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಊರು ಅವಳ ಪಾಲಿಗೆ. ಡಾಕ್ಟರುಗಳ ಬಾಗಿಲಲ್ಲಿ ಕಾಯುವುದು, ಒಳಗೆ ಕರೆದಾಗ ಎರಡು ಮಾತಿನಲ್ಲಿ ಗುಳಿಗೆಯ ಗುಣ ಹೇಳುವುದು, ಆಮೇಲೆ ಅಂಗಡಿಗೆ ಹೋಗಿ ಅದು ಖರ್ಚಾಗುತ್ತಿದೆಯೇ ಎಂದು ವಿಚಾರಿಸುವುದು. ಕಾಲಿಗೆ ಚಕ್ರ ಕಟ್ಟಿಕೊಂಡಂಥ ಈ ಬದುಕು ಅವಳಿಗೆ ಒಗ್ಗಿತ್ತು. ಮನೆ ಸೇರಿದಾಗ ರೋಜಾ ಮಲಗಿಬಿಟ್ಟಿರುತ್ತಿದ್ದಳು ಎಂಬುದೊಂದು ಮಾತ್ರ ಒಗ್ಗಿರಲಿಲ್ಲ.

ಆ ದಿನ ಬೆಳಿಗ್ಗೆ ಕೂಡ್ಲಿಗಿಯಲ್ಲಿ ಸ್ಕೂಟಿ ನಿಲ್ಲಿಸುವಾಗಲೂ ಅವಳ ತುಟಿ ಅಲ್ಲಾಡುತ್ತಿತ್ತು. ಕಂಪನಿ ಹುಟ್ಟಿ ಅರವತ್ತು ವರ್ಷವಾಗಿದೆಯೆಂದು ಮಧ್ಯಾಹ್ನ ಫೋನಿನಲ್ಲೇ ಮೀಟಿಂಗು ಇತ್ತು. ಅದರಲ್ಲಿ ಪ್ರತಿಯೊಬ್ಬ ರೆಪ್ಪೂ ಕಂಪನಿಯ ಇತಿಹಾಸವನ್ನು ನೋಡದೆ ಹೇಳಬೇಕೆಂದು ದಾವಣಗೆರೆಯ ಮ್ಯಾನೇಜರ್ ಕ್ರಾಂತಿಕುಮಾರ್ ಅಪ್ಪಣೆ ಮಾಡಿದ್ದ. ಬಡೋದೆಯ ಒಂದು ತಗಡಿನ ಶೆಡ್ಡು. ಅದರಲ್ಲಿ ಇಬ್ಬರು ಷಡ್ಡಕರು. ಮೊದಲು ದನಕುರಿಗಳ ಜಂತುಹುಳದ ಔಷಧ. ಆಮೇಲೆ ಕೆಮ್ಮಿನ ಸಿರಪ್ಪು. ಅದರ ಲಾಭದಿಂದ ಒಂದೊಂದೇ ಸಣ್ಣ ಕಂಪನಿಗಳನ್ನು ಕೊಂಡದ್ದು. ಕೊನೆಗೆ ಹೋದ ವರ್ಷ, ಈ ದೇಶದಲ್ಲಿ ವ್ಯಾಪಾರ ಸಾಕೆಂದು ಹೊರಟ ಒಂದು ವಿದೇಶಿ ಕಂಪನಿಯಿಂದ ಫಿಟ್ಸಿನ ಗುಳಿಗೆಯನ್ನು ಹೆಸರು ಸಮೇತ ಕೊಂಡದ್ದು. ಅವಳಿಗೆ ಎಲ್ಲವೂ ಬಾಯಿಪಾಠ.

ಬಸ್‌ಸ್ಟ್ಯಾಂಡಿನ ಎದುರು ಔಷಧಿ ಅಂಗಡಿಯ ಜಂಬಯ್ಯ ಅವಳನ್ನು ಕಂಡವನೇ ನಕ್ಕ.

“ಬಾ ತಂಗಿ. ನಿಮ್ಮ ಫಿಟ್ಸಿನ ಗುಳಿಗಿಗೆ ದೊಡ್ಡ ಮರ್ಯಾದಿ ಸಿಕ್ಕೈತಿ. ಮೊನ್ನಿ ಒಬ್ಬಾಕಿ ನನ್ನ ಮಾರಿ ಮ್ಯಾಲೇ ಒಗದು ಹೋಗ್ಯಾಳ.”

“ಯಾಕಣ್ಣಾ, ಏನಾತು?”

“ಹಟ್ಟಿ ದ್ಯಾಮಕ್ಕ. ಆಕಿ ಮಗಳಿಗೆ ಮೂರ್ಛಿ ಬರ್ತಿತ್ತು, ಆ ಗುಳಿಗಿ ನುಂಗೇ ಆರಾಮ ಇದ್ದಳು ಹುಡುಗಿ. ಹಳೇ ಗುಳಿಗಿ ಚೀಟು ಖಾಲಿ ಆಗಿ ಹೊಸಾದು ಬಂತಲ್ಲ, ಅದರ ಮ್ಯಾಲ ನಿಮ್ಮ ಕೊಕ್ಕರಿ ಚಿತ್ರ ಐತಿ. ಅದನ್ನ ನೋಡಿದ್ದೇ ತಡ, ‘ಕುರಿಗೆ ಹಾಕೋದನ್ನ ನನ್ನ ಮಗಳಿಗೆ ಕೊಡ್ತಿಯೇನಲೇ ಜಂಬ್ಯಾ’ ಅಂತ ಅಂಗಡಿ ಮುಂದ ರಂಪ ಮಾಡಿದಳು.”

ಸುಮಂಗಲಾಳಿಗೂ ನಗು ಬಂತು. ಹಾರುವ ನೀಲಿ ಕೊಕ್ಕರೆ ತ್ರಿವೇಲಾ ಕಂಪನಿಯ ಗುರುತು. ಮನುಷ್ಯರ ಔಷಧಿ ಈ ಕಡೆ ಬರುವ ಎಷ್ಟೋ ವರ್ಷ ಮೊದಲೇ ಕುರಿಯ ಔಷಧಿ ಬಂದಿತ್ತು. ಕುರಿ ಸಾಕುವವರ ಬಾಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ, ಕೊಕ್ಕರಿ ಔಷಧಿ. ಆದರೆ ಆ ನಗು ಅಲ್ಲಿಗೇ ನಿಂತಿತು.

“ಬ್ಯಾರೆ ಗುಳಿಗಿ ಏನಾರ ಒಯ್ದಳೇನಣ್ಣಾ?”

“ಎಲ್ಲಿ ಒಯ್ದಳು? ಹಂಗೇ ಹೋದಳು.”

“ಅಂದ್ರ ಮೊನ್ನಿಯಿಂದ ಆ ಹುಡುಗಿ ಏನೂ ನುಂಗಿಲ್ಲ?”

ಜಂಬಯ್ಯನ ನಗುವೂ ಇಳಿಯಿತು. ಅವನ ಬಳಿ ಅವರ ಫೋನ್ ನಂಬರು ಇರಲಿಲ್ಲ; ಕೊಟ್ಟೂರು ರಸ್ತೆಯಿಂದ ಒಳಗಿರುವ ಕುರಿಗಾರರ ಹಟ್ಟಿಯಲ್ಲಿ ಮನೆ ಎಂಬುದಷ್ಟೇ ಗೊತ್ತಿತ್ತು.

ಸುಮಂಗಲಾ ಆ ಗುಳಿಗೆ ಬರೆದುಕೊಡುವ ಡಾಕ್ಟರಮ್ಮನ ಬಳಿ ಹೋದಳು. ರೋಗಿಗಳ ಸಾಲನ್ನು ದಾಟಿ ರೆಪ್ಪುಗಳು ಒಳಗೆ ನುಗ್ಗಬಾರದು. ಈಕೆ ನುಗ್ಗಿದಳು. ಡಾಕ್ಟರಮ್ಮ ಬಿ.ಪಿ. ಪಟ್ಟಿ ಸುತ್ತುತ್ತಲೇ ಕೇಳಿಸಿಕೊಂಡರು. “ಚೀಟಿನ ಮೇಲೆ ಕೊಕ್ಕರೆ ಇರಲಿ, ಕೋಳಿ ಇರಲಿ, ಈ ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಇವತ್ತೇ ಕರ್ಕೊಂಡು ಬರೋಕೆ ಹೇಳಿ. ಹೇಳೋರು ಯಾರಿದಾರೆ?”

ಯಾರೂ ಇರಲಿಲ್ಲ. ರೋಗಿಗಳ ಮನೆಗೆ ಹೋಗುವುದು, ಗುಳಿಗೆ ಕೊಡುವುದು, ಸಲಹೆ ಹೇಳುವುದು, ಮೂರೂ ರೆಪ್ಪುಗಳಿಗೆ ಕಟ್ಟುನಿಟ್ಟಾಗಿ ನಿಷಿದ್ಧ. ಕೊಟ್ಟೂರಿನಲ್ಲಿ ಇಬ್ಬರು ಡಾಕ್ಟರುಗಳು ಕಾಯುತ್ತಿದ್ದರು, ಮಧ್ಯಾಹ್ನದ ಮೀಟಿಂಗಿತ್ತು. ಊರ ಹೊರಗಿನವರೆಗೂ ಅವಳು ಕೊಟ್ಟೂರಿಗೇ ಹೊರಟವಳಂತೆ ಬಂದಳು. ಹಟ್ಟಿಯ ಕಚ್ಚಾರಸ್ತೆ ಒಡೆಯುವಲ್ಲಿ ಬ್ರೇಕ್ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಫಿಟ್ಸ್ ಬಂದಾಗ ಆ ಹುಡುಗಿ ಒಲೆಯ ಮುಂದಿದ್ದರೆ? ಹೊಂಡದ ದಂಡೆಯಲ್ಲಿದ್ದರೆ? ಸ್ಕೂಟಿ ಕಚ್ಚಾರಸ್ತೆಗೆ ತಿರುಗಿತು.

ದ್ಯಾಮಕ್ಕ ಮನೆಯ ಹಿಂದೆ ಬೇಲಿ ಹಾಕಿದ ಕುರಿ ರೊಪ್ಪದಲ್ಲಿದ್ದಳು. ಕುರಿಯ ಕುತ್ತಿಗೆಯನ್ನು ಮೊಣಕಾಲ ಸಂದಿಯಲ್ಲಿ ಹಿಡಿದು, ಸೂಜಿಯಿಲ್ಲದ ದಪ್ಪ ಸಿರಿಂಜಿನಿಂದ ಬಿಳಿ ಔಷಧಿ ಕುಡಿಸುತ್ತಿದ್ದಳು. ಪಕ್ಕದಲ್ಲಿದ್ದ ಕ್ಯಾನಿನ ಮೇಲೆ ನೀಲಿ ಕೊಕ್ಕರೆ. ಕುಡಿಸಿದ ಕುರಿಯ ಬೆನ್ನಿಗೆ ಮಗಳು ಸಂಗೀತಾ ಹಸಿರು ಬಣ್ಣದ ಗೀರು ಎಳೆದು ಬಿಡುತ್ತಿದ್ದಳು. ಹದಿನೇಳರ ಹುಡುಗಿ, ಕಣ್ಣ ಕೆಳಗೆ ಕಪ್ಪು.

ತಾನು ಯಾರೆಂದು ಸುಮಂಗಲಾ ಹೇಳಿದ್ದೇ ತಡ, ದ್ಯಾಮಕ್ಕ ಕುರಿಯನ್ನು ಬಿಟ್ಟು ಎದ್ದಳು.

“ಓಹೋ, ಕೊಕ್ಕರಿ ಕಂಪನಿಯಾಕಿ ನೀನೇ ಏನವ್ವಾ? ಚಲೋ ಆತು ಬಂದಿ. ನಿಮ್ಮೋರಿಗೆ ಮನುಷ್ಯಾರು ಯಾರು, ಕುರಿ ಯಾವುವು ಅಂತ ಗೊತ್ತಾಗಂಗಿಲ್ಲೇನು?”

“ಹಂಗಲ್ರಿ ದ್ಯಾಮಕ್ಕ, ಒಂದೀಟು ಕೇಳ್ರಿ. ನಮ್ಮ ಕಂಪನಿ ಮೊದಲು ಶುರು ಆಗಿದ್ದೇ ಜಂತುಹುಳದ ಔಷಧಿಯಿಂದ...”

ಬಾಯಿಪಾಠ ತಾನಾಗಿಯೇ ಹೊರಬರತೊಡಗಿತು. ತಗಡಿನ ಶೆಡ್ಡು, ಷಡ್ಡಕರು, ಸಿರಪ್ಪು. ದ್ಯಾಮಕ್ಕ ಸೊಂಟಕ್ಕೆ ಕೈಯಿಟ್ಟು ಎಲ್ಲವನ್ನೂ ಕೇಳಿದಳು.

“ಅಂದ್ರ ನಾ ಹೇಳಿದ್ದು ಖರೇನ ಐತಲ್ಲ! ಕುರಿ ಔಷಧಿ ಮಾಡೋರೇ ನೀವು. ನಿನ್ನ ಬಾಯಿಲೇ ಒಪ್ಪಿಕೊಂಡಿ.”

ಸಂಗೀತಾ ಕಿಸಕ್ಕನೆ ನಕ್ಕಳು. ಇತಿಹಾಸ ಹೇಳಿದಷ್ಟೂ ತಾನೇ ಹಳ್ಳಕ್ಕೆ ಇಳಿಯುತ್ತಿದ್ದೇನೆಂದು ಸುಮಂಗಲಾಳಿಗೆ ತಿಳಿಯಿತು.

“ನಕ್ಕರ ನಗ್ರಿ” ಎಂದು ದ್ಯಾಮಕ್ಕ ಮಾತು ಮುಂದುವರಿಸಿದಳು. “ನನ್ನ ಮೈದುನ ಇದನ್ನ ಮಜ್ಜಿಗಿ ಅಂತ ತಿಳದು ಒಂದು ಲೋಟ ಕುಡದು ದವಾಖಾನಿ ಸೇರಿದ್ದ. ಅದನ್ನ ಕಣ್ಣಾರೆ ನೋಡೀನಿ ನಾನು. ಅದ ಕೊಕ್ಕರಿ ಗುಳಿಗಿ ಮ್ಯಾಲ ಕುಂತ್ರ ಹೆಂಗ ನುಂಗಿಸ್ಲಿ?”

ಇದಕ್ಕೆ ಸುಮಂಗಲಾಳಲ್ಲಿ ನಗೆಯಿರಲಿಲ್ಲ. ರೋಜಾಳ ವಿಷಯವಾಗಿದ್ದರೆ ತಾನೂ ಹೀಗೇ ಮಾಡುತ್ತಿದ್ದೆನೇನೋ ಅನ್ನಿಸಿತು. ಅವಳು ಕ್ಯಾನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

“ದ್ಯಾಮಕ್ಕ, ನೀವು ಸಂತ್ಯಾಗ ಕುರಿ ಕೊಂಡು ತರ್ತೀರಿ. ಹಳೇ ಬಣ್ಣ ತಗದು ನಿಮ್ಮ ಬಣ್ಣ ಹಚ್ತೀರಿ. ಕುರಿ ಅದ ಅಲ್ಲೇನ್ರಿ? ಈ ಗುಳಿಗೀನೂ ಹಂಗ. ಮಾಡೋರು ಮಾರಿದ್ರು, ನಮ್ಮೋರು ಕೊಂಡ್ರು, ಗುರುತು ಹಚ್ಚಿದ್ರು.”

“ಕೊಳ್ಳೋ ಮುಂದ ನಾವು ಹಲ್ಲು ನೋಡ್ತೀವಿ. ನಿಮ್ಮೋರು ಏನು ನೋಡಿದ್ರು? ಹೇಳು.”

ಸುಮಂಗಲಾ ಡಾಕ್ಟರುಗಳ ಮುಂದೆ “ಅದೇ ಗುಳಿಗೆ ಸರ್, ಪ್ಯಾಕಿಂಗ್ ಮಾತ್ರ ಹೊಸದು” ಎಂದು ಎಷ್ಟು ಬಾರಿ ಹೇಳಿದ್ದಳೋ. ಹೇಳಿಕೊಟ್ಟದ್ದನ್ನು ಹೇಳಿದ್ದಳು. ಕೇಳಿ ತಿಳಿದುಕೊಂಡಿರಲಿಲ್ಲ. ಅಲ್ಲೇ ಕ್ರಾಂತಿಕುಮಾರನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

“ಎಲ್ಲಿದೀರಿ ಮೇಡಂ? ಎಲ್ಲಾ ಜಾಯಿನ್ ಆಗ್ತಾ ಇದಾರೆ.”

“ಸರ್, ಒಂದೇ ಮಾತು. ಫಿಟ್ಸಿನ ಗುಳಿಗಿ ಹಳೇದೂ ಹೊಸಾದೂ ಒಂದನ?”

“ಒಂದೇ ರೀ. ಸೇಮ್ ಅಂತ ಹೇಳ್ರಿ.”

“ತಯಾರಾಗೋದು ಹಳೇ ಫ್ಯಾಕ್ಟರಿಯಾಗನ?”

“ಫ್ಯಾಕ್ಟರಿ ನಮ್ಮದು, ಬೇರೆ. ಔಷಧಿ, ಪವರ್ ಎಲ್ಲಾ ಅದೇ, ಟೆಸ್ಟ್ ಆಗೇ ಹೊರಗೆ ಬರೋದು. ನೀವು ಪೇಷಂಟ್ ಮನೇಲಿ ಇಲ್ಲ ತಾನೇ ಮೇಡಂ?”

ಒಂದು ಕುರಿ ಉದ್ದಕ್ಕೆ ಅರಚಿತು. ಸುಮಂಗಲಾ ಫೋನ್ ಇಟ್ಟಳು. ಈಗಲೂ ನಯವಾಗಿ ಸುಳ್ಳು ಹೇಳಿ ದಾಟಿಹೋಗಬಹುದಿತ್ತು, ಆದರೆ ದ್ಯಾಮಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಕೇಳಿದ್ರಲ್ಲ? ಮಾಡೋ ಜಾಗ ಬ್ಯಾರೆ ಆಗೈತಿ. ಇದು ನನಗೂ ಈಗ ಗೊತ್ತಾತು. ಹೊಸ ಚೀಟು ಶುರು ಮಾಡಿದಾಗ ಸ್ವಲ್ಪ ದಿನ ಕಣ್ಣಿಟ್ಟು ನೋಡಬೇಕಾಗ್ತೈತಿ, ಡಾಕ್ಟರಮ್ಮಾರನ್ನ ಕೇಳೋಣು. ಬ್ಯಾರೆ ಕಂಪನೀದು ಕೊಟ್ರೂ ಕೊಡ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಏನೂ ನುಂಗದ ಇದ್ರ ಮೂರ್ಛಿ ಬಂದ ಬರ್ತೈತಿ ದ್ಯಾಮಕ್ಕ.”

ದ್ಯಾಮಕ್ಕ ಸಿರಿಂಜಿಗೆ ಔಷಧಿ ತುಂಬಿ ಮುಂದಿನ ಕುರಿಯ ಕಡೆ ತಿರುಗಿದಳು. ಮಾತಾಡಿದ್ದು ಸಂಗೀತಾ.

“ಅವ್ವಾ, ಮುಂಜಾನಿ ಚಾ ಲೋಟ ಯಾಕ ಬಿತ್ತು ಅಂತ ಬೈದಿಯಲ್ಲ? ನಾ ಬಿಡಲಿಲ್ಲ. ಕೈ ತಾನ ಜಿಗೀತು.”

“ಹೇಳಲಿಲ್ಲಲ್ಲೇ ನೀನು!”

“ಹೇಳಿದ್ರ ಮಠಕ್ಕ ಕರ್ಕೊಂಡು ಹೋಗಿ ತಾಯತ ಕಟ್ಟಿಸ್ತಿದ್ದಿ. ನನಗ ಗುಳಿಗಿ ಬೇಕು. ಕೊಕ್ಕರಿನೋ ಕಾಗಿನೋ, ನುಂಗೋಳು ನಾನು.”

ತಾಯಿಯ ಕೈಯಲ್ಲಿದ್ದ ಸಿರಿಂಜಿನಿಂದ ಬಿಳಿ ಹನಿಗಳು ನೆಲಕ್ಕೆ ಬೀಳುತ್ತಿದ್ದವು. ಅದನ್ನು ಕ್ಯಾನಿನ ಮೇಲಿಟ್ಟು, ಕೈಯನ್ನು ಸೀರೆಗೆ ಒರೆಸಿ, “ಬಸ್ಸು ಎಷ್ಟೊತ್ತಿಗೈತೋ” ಎಂದಳು.

ಬಸ್ಸು ಸಂಜೆಗಿತ್ತು. ಮೂವರೂ ಸ್ಕೂಟಿ ಹತ್ತಿದರು. ನಡುವೆ ಸಂಗೀತಾ, ಹಿಂದೆ ದ್ಯಾಮಕ್ಕ. ದಾರಿಯಲ್ಲೇ ಮೂರ್ಛೆ ಬಂದುಬಿಟ್ಟರೆ ಎಂಬ ಹೆದರಿಕೆಗೆ ದ್ಯಾಮಕ್ಕ ಒಂದು ಹಳೆ ಸೀರೆಯಿಂದ ಮಗಳನ್ನು ತನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡಿದ್ದಳು. ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ತನ್ನ ಹೆಗಲು ಹಿಡಿದ ಆ ಹುಡುಗಿಯ ಬೆರಳು ಒಮ್ಮೆ ಜಗ್ಗಿದಂತಾಯಿತು. ರಸ್ತೆಯ ಗುಂಡಿಗೋ, ನರದ ಸೆಳೆತಕ್ಕೋ ತಿಳಿಯದೆ ಸುಮಂಗಲಾ ವೇಗ ಇಳಿಸಿದಳು, ಏರಿಸಿದಳು. “ಮಾತಾಡ್ತಾ ಇರವ್ವ ಸಂಗೀತಾ, ಏನಾರ ಹೇಳು” ಎಂದಳು. ಹುಡುಗಿ ತನ್ನ ಕುರಿಗಳ ಹೆಸರು ಹೇಳತೊಡಗಿದಳು.

ಡಾಕ್ಟರಮ್ಮ ಪರೀಕ್ಷಿಸಿದರು. ಕೂಡ್ಲಿಗಿಯಲ್ಲಿ ಆ ಔಷಧ ಬೇರೆ ಯಾವ ಕಂಪನಿಯದೂ ಇರಲಿಲ್ಲ. ತರಿಸುವವರೆಗೆ ಕಾಯುವ ಹಾಗೂ ಇರಲಿಲ್ಲ. ಕೊಕ್ಕರೆ ಗುರುತಿನದನ್ನೇ ಈಗಲೇ ಶುರುಮಾಡಲಿ, ನಾಳೆ ಬೆಳಿಗ್ಗೆ ಮತ್ತೆ ತೋರಿಸಲಿ, ಈ ರಾತ್ರಿ ಒಬ್ಬಳನ್ನೇ ಬಿಡಬೇಡಿ ಎಂದರು. ಜಂಬಯ್ಯನ ಅಂಗಡಿಯ ಮುಂದೆ ನಿಂತೇ ಸಂಗೀತಾ ಗುಳಿಗೆ ನುಂಗಿ ನೀರು ಕುಡಿದಳು. ದ್ಯಾಮಕ್ಕ ಮಗಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಸುಮಂಗಲಾಳ ಕಡೆ ತಿರುಗಿದಳು.

“ನುಂಗಿಸಿದಾಕಿ ನೀನು. ಇವತ್ತು ನೀನೂ ನಮ್ಮ ಮನ್ಯಾಗ ಇರಬೇಕು. ಏನಾರ ಆದ್ರ ನಾನೊಬ್ಬಾಕಿ ಏನು ಮಾಡ್ಲಿ?”

“ಏ ದ್ಯಾಮಕ್ಕ, ಆಕಿಗೂ ಮನಿ ಮಠ ಅದಾವ” ಎಂದು ಜಂಬಯ್ಯ ಗದರಿದ.

ಫೋನಿನಲ್ಲಿ ಕ್ರಾಂತಿಕುಮಾರನ ಮೆಸೇಜು ಬಂದು ಕೂತಿತ್ತು: ನಾಳೆ ದಾವಣಗೆರೆಗೆ ಬಂದು ಕಾಣಬೇಕು. ಸುಮಂಗಲಾ ಅದನ್ನು ಓದಿ, ಗಂಡ ಕಾಂತೇಶನ ನಂಬರು ಒತ್ತಿದಳು.

“ಕೇಳ್ರಿ, ನಾ ಇವತ್ತು ಮನಿಗೆ ಬರಂಗಿಲ್ಲ. ಇಲ್ಲ, ಏನೂ ಆಗಿಲ್ಲ, ಬಂದ ಮ್ಯಾಲ ಹೇಳ್ತೀನಿ. ರೋಜಾನ್ನ ಕರ್ಕೊಂಡು ಸಂಜಿ ಬಸ್ಸಿಗೆ ಕೂಡ್ಲಿಗಿ ಹತ್ರದ ಕುರಿಗಾರರ ಹಟ್ಟಿಗೆ ಬರ್ರಿ. ಆಕಿ ಸ್ವೆಟರ್ ಬಾಗಲ ಹಿಂದ ಐತಿ. ಕುರಿಮರಿ ತೋರಸ್ತೀವಿ ಅಂತ ಹೇಳ್ರಿ, ಅಳಂಗಿಲ್ಲ.”