ದೋಣಿಗೆ ನಾನು ಕೂರಿಸಿದ ಬಾಗಿಲು

ಭಾಗ್ಯ, ನಿನ್ನ ಅತ್ತೆಯನ್ನು ಒಳಗೆ ಕೂಡಿ ಚಿಲಕ ಹಾಕಿದವನು ನಿಮ್ಮಪ್ಪನಲ್ಲ. ಅವತ್ತು ಚಿಲಕವನ್ನೇ ಯಾರೂ ಹಾಕಿರಲಿಲ್ಲ. ಬಾಗಿಲು ತೆರೆಯದೆ ಹೋದದ್ದು ನಾನು ಅದನ್ನು ತಪ್ಪಾಗಿ ಕೂರಿಸಿದ್ದರಿಂದ. ತಪ್ಪೆಂದು ನನಗೆ ಮೊದಲೇ ಹೇಳಲಾಗಿತ್ತು. ಹೇಳಿದವನು ನಿಮ್ಮಪ್ಪನೇ. ಆಮೇಲೆ ಒಂಬತ್ತು ವರ್ಷ ನಾನು ಬಾಯಿ ಬಿಡಲಿಲ್ಲ.

ನಾನು ಅಜ್ಜಂಪುರದ ಬಡಗಿ ಈರಾಚಾರಿ. ನೀನು ನನ್ನ ಹೆಸರು ಮರೆತಿದ್ದರೂ ಮುಖ ಮರೆತಿರಲಾರೆ. ನಿನ್ನ ಅತ್ತೆಯ ಹನ್ನೊಂದನೆಯ ದಿನ, ತರೀಕೆರೆಯ ನಿಮ್ಮ ಮನೆಯ ಅಂಗಳದಲ್ಲಿ, ಹಿರಿಯರ ಎದುರು ನಿಂತು ಒಂದೇ ಒಂದು ಮಾತು ಹೇಳಿ ಹೋದವನು ನಾನು. ಈ ಕಾಗದವನ್ನು ನಿನ್ನ ಗಂಡನೂ ಮನೆಯ ಹಿರಿಯರೂ ಓದಲಿ ಎಂದು ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ತಿಮ್ಮಪ್ಪನಿಗೆ, ಅಂದರೆ ನಿಮ್ಮಪ್ಪನಿಗೆ, ಲಕ್ಕವಳ್ಳಿಯ ಹಿನ್ನೀರಿನಲ್ಲಿ ಒಂದು ಕಬ್ಬಿಣದ ಇಂಜಿನ್ ದೋಣಿ ಇತ್ತು. ಆಚೆ ದಡದ ಊರುಗಳಿಗೆ ಜನರನ್ನು ಸಾಗಿಸುತ್ತಿದ್ದ. ದೋಣಿಯ ನಡುವೆ ಜನ ಕೂರಲು ಒಂದು ಗೂಡು: ಮೇಲೆ ತಗಡು, ಎರಡು ಪಕ್ಕ ಗಾಜಿನ ಕಿಟಕಿ, ಮುಂದೆ ಹಲಗೆ. ಹಿಂಬದಿ ಮಾತ್ರ ಬಟಾಬಯಲು. ಆಷಾಢದ ಗಾಳಿಗೆ ಎರಚಲು ನೇರ ಒಳಗೇ ಬರುತ್ತಿತ್ತು. ಆ ಹಿಂಬದಿಗೆ ಒಂದು ಅಡ್ಡಗೋಡೆ ಕಟ್ಟಿ, ನಡುವೆ ಬಾಗಿಲಿಟ್ಟು, ಗೂಡನ್ನು ಮುಚ್ಚಿಕೊಡಿ ಎಂದು ಅವನು ನನ್ನನ್ನು ಕೇಳಿದ. ನಿನ್ನ ಮದುವೆಯ ಚಪ್ಪರದ ಕೆಲಸಕ್ಕೆ ಬಂದಾಗ ಆದ ಪರಿಚಯ ಅದು. ಅವನಿಗೆ ನನ್ನ ಕೈ ಮೇಲೆ ನಂಬಿಕೆ ಬಂದಿತ್ತು — ಆ ನಂಬಿಕೆಯೇ ಅವನಿಗೆ ಮುಳುವಾಯಿತು.

ನನಗೆ ದೋಣಿಯ ಗಂಧಗಾಳಿ ಇರಲಿಲ್ಲ. ಆದರೆ ಇಲ್ಲ ಎನ್ನುವ ಜಾಯಮಾನ ನನ್ನದಲ್ಲ. ಮೂವತ್ತು ವರ್ಷ ಮನೆಗಳಿಗೆ ಬಾಗಿಲು ಕೂರಿಸಿದವನು, ಒಂದು ದೋಣಿಗೆ ಕೂರಿಸಲಾರೆನೇ? ಅಳತೆ ತಂದು ಅಜ್ಜಂಪುರದ ನನ್ನ ಕೊಟ್ಟಿಗೆಯಲ್ಲೇ ಚೌಕಟ್ಟು, ಹಲಗೆ ಎಲ್ಲ ಸಿದ್ಧ ಮಾಡಿದೆ. ತಗಡಿನ ಬಾಗಿಗೆ ಸರಿಯಾಗಿ ಮೇಲಂಚನ್ನು ಕೊರೆದು, ಲಗೇಜ್ ಆಟೋದಲ್ಲಿ ಹಾಕಿಕೊಂಡು ಲಕ್ಕವಳ್ಳಿಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಗೋಡೆ ನಿಂತಿತು, ಬಾಗಿಲು ಕೂತಿತು. ನೋಡಲು ಚೆಂದವಿತ್ತು. ಅದನ್ನು ಈಗಲೂ ಹೇಳುತ್ತೇನೆ, ಯಾಕೆಂದರೆ ಚೆಂದವಿತ್ತು ಎಂಬ ಜಂಬವೂ ನನ್ನ ತಪ್ಪಿನಲ್ಲಿ ಸೇರಿದೆ.

ತಿಮ್ಮಪ್ಪ ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದ. ಮುಖ ಚಿಕ್ಕದು ಮಾಡಿಕೊಂಡ.

"ಆಚಾರ್ರೇ, ಇದು ಒಳಕ್ಕೆ ತೆಗೀತದಲ್ಲಾ. ದೋಣೀಲಿ ಹೊರಕ್ಕೆ ತೆಗೀಬೇಕು ಕಣ್ರೀ. ಒಳಗಿರೋರು ಹೆದರ್ಕಂಡು ಒಟ್ಟಿಗೆ ನುಗ್ಗಿದ್ರೆ ಬಾಗ್ಲಿಗೇ ಒರಗ್ತಾರೆ. ಆಮೇಲೆ ಅದನ್ನ ಒಳಕ್ಕೆ ಎಳೆಯೋರ್ಯಾರು?"

ಸರಿಯಾದ ಮಾತು. ಕೇಳಿದ ಕ್ಷಣಕ್ಕೇ ಸರಿ ಎಂದು ನನಗೆ ಹೊಳೆಯಿತು. ಆದರೆ ತಿರುಗಿಸಬೇಕೆಂದರೆ ಚೌಕಟ್ಟನ್ನು ಕಿತ್ತು, ಬಾಗಿಲು ಬಂದು ಕೂರುವ ಅಂಚನ್ನು ಹೊಸದಾಗಿ ತೆಗೆದು, ಮೇಲಿನ ಬಾಗನ್ನು ಮತ್ತೆ ಕೊರೆಯಬೇಕಿತ್ತು. ಇನ್ನೊಂದು ದಿನದ ಕೆಲಸ. ಮಾರನೆಯ ಬೆಳಿಗ್ಗೆ ಕಡೂರಿನಲ್ಲಿ ಒಂದು ಹೊಸ ಮನೆಗೆ ಹೆಬ್ಬಾಗಿಲು ನಿಲ್ಲಿಸುವ ಪೂಜೆ. ನಮ್ಮ ಕಡೆ ಆ ದಿನ ಬಡಗಿಗೆ ಮಣೆ ಹಾಕಿ, ಅರಿಶಿನ ಕುಂಕುಮ ಹಚ್ಚಿ, ಪಂಚೆ ಉಡುಗೊರೆ ಕೊಟ್ಟು ಗೌರವಿಸುತ್ತಾರೆ. ಒಂದು ದಿನದ ಮಟ್ಟಿಗೆ ಬಡಗಿಯೇ ಪುರೋಹಿತ. ಆ ಮಣೆಯ ಮೇಲೆ ಕೂರುವ ಆಸೆ ನನಗೆ. ಸಂಜೆಯ ಬಸ್ಸು ತಪ್ಪಿದರೆ ಅದು ತಪ್ಪುತ್ತಿತ್ತು.

ಹೀಗೆಂದು ತಿಮ್ಮಪ್ಪನಿಗೆ ನೇರ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ನಕ್ಕೆ.

"ಲೇ ತಿಮ್ಮಪ್ಪ, ಬಾಗ್ಲು ಹೊರಕ್ಕೆ ತೆಗೆದ್ರೆ ಲಕ್ಷ್ಮೀನ ಆಚೆಗೆ ತಳ್ದಂಗೆ ಕಣೋ. ಯಾವ ಮನೇಲಾದ್ರೂ ನೋಡಿದೀಯಾ? ಹೊಟ್ಟೆಪಾಡಿನ ದೋಣಿ ಇದು, ಲಕ್ಷ್ಮಿ ಒಳಕ್ಕೆ ಬರ್ಲಿ ಬಿಡು."

ಅವನು ದೈವಭಕ್ತ. ಪ್ರತಿದಿನ ಇಂಜಿನ್‌ಗೆ ಊದುಬತ್ತಿ ಬೆಳಗದೆ ದೋಣಿ ಬಿಡುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದೆ. ಮನೆಯ ಶಾಸ್ತ್ರವನ್ನು ನೀರಿನ ಮೇಲೆ ಹೊರಿಸಿದ್ದು ನಂಬಿಕೆಯಿಂದಲ್ಲ ಭಾಗ್ಯ, ಸೋಮಾರಿತನದಿಂದ. ಅವನು ಒಪ್ಪಿಕೊಂಡ. ಆದರೂ ನಾನು ಹೊರಡುವಾಗ, "ಪುರುಸೊತ್ತಾದಾಗ ಬಂದು ತಿರುಗ್ಸಿ ಕೊಡ್ರೀ," ಎಂದ. ಆಗಲಿ ಎಂದೆ. ಆಮೇಲೆ ಎರಡು ಸಲ ಫೋನ್ ಮಾಡಿದ. "ಆಚಾರ್ರೇ, ಯಾವಾಗ್ ಬತ್ತೀರಾ?" ಮುಂದಿನ ವಾರ ಎಂದೆ, ಎರಡು ಸಲವೂ.

ಅಷ್ಟು ದಿನ ಅವನು ಬಾಗಿಲನ್ನು ಹಗ್ಗದಿಂದ ಬಿಗಿದು ತೆರೆದೇ ಇಟ್ಟಿದ್ದನಂತೆ. ಅವಘಡದ ದಿನ ಗಾಳಿ ಎದ್ದಾಗ ಒಳಗಿದ್ದವರೇ ಹಗ್ಗ ಬಿಚ್ಚಿ ಬಾಗಿಲು ಮುಚ್ಚಿಕೊಂಡರು. ಅವರದೇನು ತಪ್ಪು? ಎರಚಲಿಗೆ ಯಾರಾದರೂ ಮುಚ್ಚುತ್ತಾರೆ. ನಿನ್ನ ಅತ್ತೆ ಆಚೆ ದಡದ ನೆಂಟರ ಮನೆಯಿಂದ ವಾಪಸು ಬರುತ್ತಿದ್ದರು. ಬೀಗಿತ್ತಿ ಎಂದು ನಿಮ್ಮಪ್ಪ ಅವರನ್ನು ಒಳಗೆ, ಎಲ್ಲಕ್ಕಿಂತ ಬೆಚ್ಚಗಿನ ಜಾಗದಲ್ಲಿ ಕೂರಿಸಿದ್ದ. ದಡ ಹತ್ತಿರವಿತ್ತು. ನೀರಿನೊಳಗಿದ್ದ ಹಳೆಯ ಮರದ ಬೊಡ್ಡೆಗೆ ದೋಣಿ ತಗಲಿ, ಹಿಂಬದಿ ಕುಸಿದು ನೀರು ನುಗ್ಗಿತು. ಒಳಗಿದ್ದ ಐದು ಜನ ಬಾಗಿಲ ಮೇಲೆ ಬಿದ್ದರು, ಅವನು ಹೇಳಿದ್ದ ಹಾಗೆಯೇ — ಅವನು ಹೇಳಿದ್ದ ಹಾಗೆಯೇ. ಹೊರಗಿನಿಂದ ಅವನು ಭುಜ ಕೊಟ್ಟು ತಳ್ಳಿದ. ಆಗಲಿಲ್ಲ. ನೀರಿಗಿಳಿದು ಸುತ್ತಿ ಬಂದು, ಕಿಟಕಿಯ ಗಾಜನ್ನು ಮುಷ್ಟಿಯಿಂದಲೇ ಒಡೆದು ನಾಲ್ಕು ಜನರನ್ನು ಎಳೆದ. ಎಲ್ಲರಿಗಿಂತ ಕೆಳಗೆ, ಬಾಗಿಲಿಗೆ ಒತ್ತಿಕೊಂಡಿದ್ದವರು ನಿನ್ನ ಅತ್ತೆ.

ಬದುಕಿದವರು, "ಬಾಗ್ಲು ಬಡಿದ್ವಿ, ತೆಗೀಲಿಲ್ಲ," ಎಂದರು. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವಷ್ಟರಲ್ಲಿ ಅದು, "ತಿಮ್ಮಪ್ಪ ಹೊರಗಿಂದ ಚಿಲಕ ಹಾಕಿದ್ದ," ಎಂದಾಯಿತು. ಎದ್ದು ನಿಂತವರನ್ನು ಅವನು ಗದರುತ್ತಿದ್ದದ್ದು ಎಲ್ಲರಿಗೂ ಗೊತ್ತು. ಹಿಂಬದಿಗೆ ಯಾರೂ ಬರದಿರಲಿ ಎಂದೇ ಹಾಕಿದ್ದಾನೆ ಎಂದು ಜನ ನಂಬಿದರು. ದೋಣಿ ಮುಳುಗಿದಲ್ಲೇ ಇತ್ತು, ಹೋಗಿ ನೋಡಿದವರಿಲ್ಲ.

ನನ್ನನ್ನು ನಿಮ್ಮ ಅಂಗಳಕ್ಕೆ ಕರೆಸಿದಾಗ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ದಾರಿಯುದ್ದಕ್ಕೂ ಬೆವರಿದ್ದೆ. ಎಲ್ಲ ಕೇಳುತ್ತಾರೆ, ಎಲ್ಲ ಹೇಳಬೇಕಾಗುತ್ತದೆ ಎಂದುಕೊಂಡಿದ್ದೆ. ನಿನ್ನ ಮಾವನ ಅಣ್ಣ ಕೇಳಿದ್ದು ಇಷ್ಟೇ.

"ಆಚಾರ್ರೇ, ನೀವು ಬಾಗ್ಲು ಕಟ್ಟಿದೋರು. ಹೊರಗಡೆ ಚಿಲಕ ಇತ್ತೋ ಇಲ್ವೋ?"

"ಇತ್ತು."

ಅಷ್ಟೇ. ಅದು ಸುಳ್ಳಲ್ಲ. ಚಿಲಕ ಇತ್ತು, ದೋಣಿ ದಡದಲ್ಲಿ ನಿಂತಾಗ ಸಾಮಾನು ಒಳಗಿಟ್ಟು ಬೀಗ ಹಾಕಲೆಂದು ಇಟ್ಟದ್ದು. ಆದರೆ ಆ ಒಂದು ನಿಜದ ಹಿಂದೆ ನಾನು ಅಡಗಿಕೊಂಡೆ. "ಆದರೆ ಬಾಗಿಲು—" ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ತಿಮ್ಮಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ನೆಲ ನೋಡುತ್ತ ಕೂತಿದ್ದ. ತಲೆ ಎತ್ತಿ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ನಾನು ಅಂಗಳದ ತುಳಸಿ ಕಟ್ಟೆ ನೋಡುತ್ತ ನಿಂತೆ. ಆಮೇಲೆ ಅವನು, "ನಾನ್ ಹಾಕ್ಲಿಲ್ಲ," ಎಂದಷ್ಟೇ ಹೇಳಿದ. ಯಾರೂ ನಂಬಲಿಲ್ಲ.

ತಿಮ್ಮಪ್ಪನ ಮನೆಯ ಜೊತೆ ಇನ್ನು ಹೋಗಿ ಬರುವುದು ಬೇಡ ಎಂದು ಹಿರಿಯರು ತೀರ್ಮಾನಿಸಿದರು. ನೀನು ನಡುಮನೆಯ ಕಂಬದ ಹಿಂದೆ ನಿಂತಿದ್ದೆ. "ಬತ್ತೀನಿ ಮಗಾ," ಎಂದ ಅವನು. ನೀನು ಒಳಗೆ ಹೋದೆ. ನಿನ್ನನ್ನು ದೂರುತ್ತಿಲ್ಲ ತಾಯಿ. ಅತ್ತೆಯನ್ನು ಕೂಡಿ ಹಾಕಿ ಕೊಂದವನು ಅಪ್ಪನೇ ಎಂದು ಕೇಳಿದವಳು ಬೇರೇನು ಮಾಡಿಯಾಳು? ಹಾಗೆ ಕೇಳುವಂತೆ ಮಾಡಿದವನು ನಾನು. ನಿಮ್ಮಮ್ಮ ತೀರಿಕೊಂಡ ಮೇಲೆ ಅವನಿಗೆ ಇದ್ದವಳು ನೀನೊಬ್ಬಳೇ ಎಂಬುದೂ ನನಗೆ ಗೊತ್ತಿತ್ತು.

ಅದಾದ ಮೇಲೆ ನಾನು ಲಕ್ಕವಳ್ಳಿಯ ದಾರಿ ತುಳಿದಿಲ್ಲ. ಮೊದಮೊದಲು, ಕೇಳಿದರೆ ಹೇಳೋಣ ಎಂದಿದ್ದೆ. ಯಾರೂ ಕೇಳಲಿಲ್ಲ. ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರಲ್ಲ ಎಂಬ ಭಯ. ವರ್ಷ ಕಳೆದಷ್ಟೂ ಅದು ದೊಡ್ಡದಾಯಿತು. ನನ್ನ ಹೆಂಡತಿಗೂ ಹೇಳಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳು ಹೋದಳು. ಕೊನೆಯ ದಿನಗಳಲ್ಲಿ, "ನಿಮ್ ಮನಸ್ಸಲ್ಲಿ ಏನೋ ಐತೆ, ಹೇಳ್ಬಾರ್ದಾ?" ಎಂದು ಕೇಳಿದ್ದಳು. ಏನಿಲ್ಲ ಕಣೇ ಎಂದೆ. ಈಗ ಒಬ್ಬನೇ ಅನ್ನ ಬೇಯಿಸಿಕೊಂಡು, ಒಬ್ಬನೇ ಉಂಡು, ತಟ್ಟೆ ತೊಳೆದಿಡುತ್ತೇನೆ. ಕೆಲವು ದಿನ ಯಾರ ಜೊತೆಗೂ ಒಂದು ಮಾತು ಆಡದೆ ಹೊತ್ತು ಮುಳುಗುತ್ತದೆ. ಒಂಟಿತನ ಎಂದರೆ ಏನೆಂದು ಇಷ್ಟು ತಡವಾಗಿ ಗೊತ್ತಾಯಿತು. ನಾನು ತಿಮ್ಮಪ್ಪನ ಮೇಲೆ ಹೊರಿಸಿದ್ದು ಇದನ್ನೇ ಎಂದೂ ಗೊತ್ತಾಯಿತು. ನನ್ನದು ವಿಧಿ ಕೊಟ್ಟದ್ದು, ಅವನದು ನಾನು ಕೊಟ್ಟದ್ದು.

ತಿಮ್ಮಪ್ಪ ಲಕ್ಕವಳ್ಳಿ ಬಿಟ್ಟಿದ್ದಾನೆಂದು ತಿಳಿದು, ಹೋದ ತಿಂಗಳು ವಿಚಾರಿಸಿಕೊಂಡು ಪಂಚನಹಳ್ಳಿಗೆ ಹೋದೆ. ಊರ ಹೊರಗೆ ಒಂದು ತೆಂಗಿನ ತೋಟದಲ್ಲಿ ಅವನು ಕಾಯಿ ಸುಲಿಯುವ ಕೆಲಸದಲ್ಲಿದ್ದಾನೆ. ಪಂಪ್‌ಹೌಸಿನ ಪಕ್ಕದ ಕೋಣೆಯಲ್ಲಿ ವಾಸ. ನಾನು ಹೋದಾಗ ಕೊಡ ಹಿಡಿದು ಬೋರ್‌ವೆಲ್ ಹತ್ತಿರ ಕರೆಂಟು ಬರಲೆಂದು ಕಾದು ಕೂತಿದ್ದ. ಬಲಗೈಯ ಎರಡು ಬೆರಳು ಮಡಚುವುದಿಲ್ಲ, ಆ ಗಾಜಿನಿಂದ. ನನ್ನನ್ನು ನೋಡಿ, "ಬನ್ನಿ ಆಚಾರ್ರೇ," ಎಂದ, ನಿನ್ನೆ ತಾನೇ ಬಿಟ್ಟು ಹೋದವನನ್ನು ಕರೆದಂತೆ.

ನಿಂತಲ್ಲೇ ಎಲ್ಲ ಹೇಳಿದೆ. ಕಡೂರಿನ ಪೂಜೆ, ಲಕ್ಷ್ಮಿಯ ನೆಪ, ನುಂಗಿದ ಮಾತು. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿ ಎಂದು ಆಸೆಪಟ್ಟಿದ್ದೆ.

"ನಂಗೊತ್ತಿತ್ತು," ಎಂದ. "ಅವತ್ತೇ ಗೊತ್ತಿತ್ತು."

"ಮತ್ತೆ ಅವತ್ತೇ ಯಾಕಪ್ಪಾ ಹೇಳ್ಲಿಲ್ಲ ನೀನು?"

"ನಾನ್ ಹೇಳಿದ್ರೆ ತಪ್ಪಿಸ್ಕಳಾಕೆ ಹೇಳ್ತಾನೆ ಅಂತಿದ್ರು. ಬಾಗ್ಲು ಕಟ್ಟಿದೋರು ನೀವು. ನೀವ್ ಹೇಳ್ತೀರಾ ಅಂತ ಕಾಯ್ಕಂಡು ಕೂತಿದ್ದೆ."

ಅಂಗಳದಲ್ಲಿ ಅಷ್ಟು ಹೊತ್ತು ಅವನು ನನ್ನ ಮುಖ ನೋಡಿದ್ದು ಅದಕ್ಕೆ. ಸಿಟ್ಟಿನಿಂದ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅವನು ಕಾಯುತ್ತಿದ್ದ, ಭಾಗ್ಯ. ನನ್ನ ಬಾಯಿಂದ ಇನ್ನೊಂದು ಮಾತು ಬರಲಿ ಎಂದು ಕಾಯುತ್ತಿದ್ದ.

ನಾನು ಹೊರಡುವಾಗ ಅವನು ಒಂದೇ ಒಂದು ಪ್ರಶ್ನೆ ಕೇಳಿದ. "ಭಾಗ್ಯಂಗೆ ಮಕ್ಳೆಷ್ಟು ಆಚಾರ್ರೇ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಅವನು ತಲೆ ಅಲ್ಲಾಡಿಸಿ ಕೊಡ ಎತ್ತಿಕೊಂಡು ಹೋದ.

ಬರುವ ಸೋಮವಾರ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಅವತ್ತು ಕೂತಿದ್ದ ಹಿರಿಯರಲ್ಲಿ ಇರುವವರನ್ನೆಲ್ಲ ಕರೆಸಿಡು. ಅದೇ ಅಂಗಳದಲ್ಲಿ ನಿಂತು ಉಳಿದದ್ದನ್ನು ಹೇಳುತ್ತೇನೆ. ಏನು ಶಿಕ್ಷೆ ಕೊಟ್ಟರೂ ತಲೆ ಬಾಗುತ್ತೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ಕೇಳುವ ಬಾಯಿ ನನಗಿಲ್ಲ. ಆದರೆ ನನ್ನ ಬರವಿಗೆ ಕಾಯಬೇಡ. ಕಡೂರಿನಿಂದ ಪಂಚನಹಳ್ಳಿಗೆ ಬಸ್ಸಿದೆ. ಅವನು ಕೇಳಿದ್ದಕ್ಕೆ ಉತ್ತರ ನೀನೇ ಹೋಗಿ ಹೇಳು.