ಹುಳದ ಮನೆಯ ಬೇಸ್ ಗಿಟಾರ್

ಮನೆಯಲ್ಲಿ ಮಾಡಿದ ರೆಕಾರ್ಡಿಂಗನ್ನು ನೀಟಾಗಿಸೋದು ನನ್ನ ಕೆಲಸ. ಅಕ್ಕೂರಿನ ಬೋರಣ್ಣ ರೇಷ್ಮೆಹುಳದ ಮನೆಯಲ್ಲೇ ಕೂತು ಬೇಸ್ ಗಿಟಾರ್ ನುಡಿಸಿ, ಮೊಬೈಲಲ್ಲಿ ಹಿಡಿದಿದ್ದರು. ಹಿನ್ನೆಲೆಯಲ್ಲೆಲ್ಲ ಹುಳುಗಳು ಸೊಪ್ಪು ಮೇಯುವ ಸರಸರ, ಥೇಟ್ ಸೋನೆ ಮಳೆ. ಅವರ ಬಾಗಿಲಲ್ಲೇ ಲ್ಯಾಪ್‌ಟಾಪ್ ಬಿಚ್ಚಿ, ಸಾಫ್ಟ್‌ವೇರಲ್ಲಿ ಆ ಸದ್ದನ್ನು ಪೂರ್ತಿ ತೆಗೆದೆ, ತಂತಿಯ ದನಿಗೆ ಒಳ್ಳೆ ಗುಂಗು ತುಂಬಿದೆ. ಹೆಮ್ಮೆಯಿಂದ ಹೆಡ್‌ಫೋನ್ ಕೊಟ್ಟೆ.

ಕೇಳುತ್ತ ಕೇಳುತ್ತ ಬೋರಣ್ಣನ ಮುಖ ಬಿಳಿಚಿತು. "ಸದ್ದೇ ಇಲ್ವಲ್ಲ! ಹುಳ ಸೊಪ್ಪು ತಿನ್ನದ್ ಬುಟ್ಬುಟ್ಟವೆ ಸಾರ್!" ಅಂತ ಹೆಡ್‌ಫೋನ್ ಕಿತ್ತುಹಾಕಿ ಒಳಕ್ಕೆ ಓಡಿದರು.

ಹುಳುಗಳು ಹಾಯಾಗಿ ಮೇಯುತ್ತಿದ್ದವು. ನಾಚಿಕೊಂಡು ವಾಪಸ್ ಬಂದರು. "ಚೆನ್ನಾಗೈತೆ ಸಾರ್. ಆದ್ರೂ ಅವುನ್ನ ಒಸಿ ಕೇಳ್ಸಂಗೆ ಮಾಡಿ. ಇಲ್ದಿದ್ರೆ ಎದೆ ಡವಡವ ಅಂತದೆ."

ಮಾಡಿಕೊಟ್ಟೆ. ಈಗ ಕೇಳಿದವರೆಲ್ಲ, ಆ ಮಳೆಯ ಎಫೆಕ್ಟ್ ಯಾವ ಸಾಫ್ಟ್‌ವೇರಿನದು ಅಂತಾರೆ. ಹಿಪ್ಪುನೇರಳೆ ಸೊಪ್ಪು ಹಾಕಿ ನೋಡಿ, ಅಂತೀನಿ.